ಕಡಲಕಳೆಯ ಕ್ಯಾಪ್ಸೂಲ್: ನುಂಗುವ ಮುನ್ನ ಯೋಚಿಸಿ

ತೂಕ ಇಳಿಯುತ್ತದೆ, ಥೈರಾಯ್ಡ್ ಸರಿಹೋಗುತ್ತದೆ ಎಂದು ಹೇಳಿ ಕಂದು ಕಡಲಕಳೆಯ ಸಾರವನ್ನು ಕ್ಯಾಪ್ಸೂಲ್‌ಗಳಲ್ಲಿ ಮಾರುತ್ತಾರೆ. ಪ್ರಕೃತಿದತ್ತವಾದುದು, ತೊಂದರೆಯೇನು ಎಂದು ನೀವು ಕೇಳಬಹುದು. ತೊಂದರೆ ಇರುವುದು ಅದರ ಅಯೋಡಿನ್ ಪ್ರಮಾಣದಲ್ಲಿ.

ವಯಸ್ಕರಿಗೆ ದಿನಕ್ಕೆ 150 ಮೈಕ್ರೋಗ್ರಾಂ, ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ 250 ಮೈಕ್ರೋಗ್ರಾಂ ಅಯೋಡಿನ್ ಸಾಕು. ಅಯೋಡಿನ್‌ಯುಕ್ತ ಉಪ್ಪು, ಮೀನು, ಮೊಟ್ಟೆ, ಹಾಲಿನಿಂದ ಅದು ಸಿಗುತ್ತದೆ. ಆದರೆ ಕೆಲ್ಪ್ ಎಂಬ ಕಂದು ಕಡಲಕಳೆ ಒಣಗಿದಾಗ, ಅದರ ಒಂದೇ ಗ್ರಾಂನಲ್ಲಿ 1000 ಮೈಕ್ರೋಗ್ರಾಂಗೂ ಹೆಚ್ಚು ಇರಬಹುದು.

ಅಯೋಡಿನ್ ಕಡಿಮೆಯಾದರೆ ಗಳಗಂಡ ಬರುತ್ತದೆ. ಅತಿಯಾದರೂ ಥೈರಾಯ್ಡ್ ಗ್ರಂಥಿ ಕೆಡಬಹುದು. ಕೆಲವರಿಗೆ ಸುಸ್ತು, ಮೈಭಾರ. ಇನ್ನು ಕೆಲವರಿಗೆ ಎದೆಬಡಿತ, ಕೈನಡುಕ. ತೂಕ ಇಳಿಸುತ್ತದೆ ಎಂಬ ಮಾತಿಗೂ ಸಾಕಷ್ಟು ಪುರಾವೆಯಿಲ್ಲ.

ಆದ್ದರಿಂದ ವೈದ್ಯರು ಕೊಟ್ಟ ಥೈರಾಯ್ಡ್ ಮಾತ್ರೆ ಬಿಟ್ಟು ಇದನ್ನು ಹಿಡಿಯಬೇಡಿ. ಥೈರಾಯ್ಡ್ ತೊಂದರೆ ಇರುವವರು, ಗರ್ಭಿಣಿಯರು, ಬಾಣಂತಿಯರು, ರಕ್ತ ಹೆಪ್ಪುಗಟ್ಟದಂತೆ ಔಷಧಿ ಸೇವಿಸುವವರು ವೈದ್ಯರನ್ನು ಕೇಳದೆ ಮುಟ್ಟಬೇಡಿ. ಈಗಾಗಲೇ ಸೇವಿಸುತ್ತಿದ್ದರೆ ಡಬ್ಬಿಯನ್ನು ವೈದ್ಯರಿಗೆ ತೋರಿಸಿ, ಟಿ.ಎಸ್.ಎಚ್. ಪರೀಕ್ಷೆ ಬೇಕೇ ಎಂದು ಕೇಳಿ. ಅಯೋಡಿನ್ ಎಷ್ಟಿದೆ ಎಂದು ಬರೆಯದ ಡಬ್ಬಿಯನ್ನು ಕೊಳ್ಳಲೇಬೇಡಿ. ಕ್ಯಾಪ್ಸೂಲಿನ ಹೊದಿಕೆ ಜೆಲಟಿನ್ ಆಗಿದ್ದರೆ, ಅದು ಹಲಾಲ್ ಮೂಲದ್ದೇ ಎಂದೂ ವಿಚಾರಿಸಿ.

ಯೂನಾನಿಯಲ್ಲೂ ಮದ್ದಿಗೆ ಅಳತೆಯೇ ಮುಖ್ಯ. ಅಳತೆ ತಪ್ಪಿದರೆ ಒಳ್ಳೆಯ ವಸ್ತುವೂ ಕೆಡುಕು ಮಾಡುತ್ತದೆ.