ಎಲ್ಲವೂ ‘ನಾಯಿ’ನೇ!

*ಎರಡು ವರ್ಷದ ಮಗಳು ಚಿತ್ರಪುಸ್ತಕದ ಆಡು, ಎಮ್ಮೆ ಎಲ್ಲಕ್ಕೂ ‘ನಾಯಿ’ ಅನ್ನುತ್ತಾಳೆ. ತೊಂದರೆಯೇ? – ತಾಯಿ, ಇಳಕಲ್*

ಗಾಬರಿ ಬೇಡ ತಂಗಿ. ಈ ವಯಸ್ಸಿನ ಕೂಸುಗಳು ಗೊತ್ತಿರುವ ಒಂದೇ ಹೆಸರನ್ನು ನಾಲ್ಕು ಕಾಲಿನ ಎಲ್ಲದಕ್ಕೂ ಹಚ್ಚುತ್ತವೆ. ‘ಇದೇನು, ಅದೇನು’ ಎಂದು ಪರೀಕ್ಷೆ ಮಾತ್ರ ಮಾಡಬೇಡಿ. ‘ಹೌದು, ನಾಯಿಹಂಗ ಬಾಲ ಐತಿ, ಇದು ಆಡು, ಕೋಡು ನೋಡು’ ಅನ್ನಿ, ಸಾಕು. ಪುಟ ಅವಳೇ ತಿರುವಲಿ, ಹಿಂದುಮುಂದಾದರೂ ಸರಿ. ಕರೆದರೆ ತಿರುಗಿ ನೋಡುವುದಿಲ್ಲ, ಮಾತೇ ಕಡಿಮೆ ಎನ್ನಿಸಿದರೆ ಮಕ್ಕಳ ವೈದ್ಯರಿಗೆ ತೋರಿಸಿ.

ಪುಟಕ್ಕೊಂದೇ ಪ್ರಾಣಿಯಿರುವ ದಪ್ಪ ರಟ್ಟಿನ ಪುಸ್ತಕ ಕೊಳ್ಳಿ. ಅಂಗಿ-ಚಡ್ಡಿ ತೊಟ್ಟ ಕರಡಿ ಆಮೇಲೆ ಬರಲಿ. ಪ್ರಥಮ್ ಬುಕ್ಸ್‌ನ ಸ್ಟೋರಿವೀವರ್ ಜಾಲತಾಣದಲ್ಲಿ ಕನ್ನಡದ ಚಿತ್ರಕಥೆಗಳು ಉಚಿತ. ಜಿರಾಫೆ ಎಲ್ಲ ಪುಸ್ತಕದಲ್ಲೂ ಉಂಟು, ನಮ್ಮ ಯಡಹಳ್ಳಿಯ ಚಿಂಕಾರ, ಮುಧೋಳದ ನಾಯಿ ಅಪರೂಪ (ನನ್ನ ಹಳೆಯ ತಕರಾರು). ಫೋಟೊ ಅಂಟಿಸಿ ನೀವೇ ಒಂದು ಪುಸ್ತಕ ಮಾಡಿ.

ಬಾದಾಮಿಗೆ ಹೋದಾಗ ಮಂಗಗಳನ್ನು ದೂರದಿಂದ ತೋರಿಸಿ. ಕೈಯಲ್ಲಿ ತಿಂಡಿ ಬೇಡ. ಒಂದನೇ ಗುಹೆಯ ದ್ವಾರಪಾಲಕನ ಕೆಳಗೆ ಆನೆಗೂ ಎತ್ತಿಗೂ ಒಂದೇ ತಲೆಯಿರುವ ಶಿಲ್ಪವಿದೆ. ದೂರದಿಂದಲೇ ಅಂಗೈ ಅಡ್ಡ ಹಿಡಿಯಿರಿ: ಒಂದು ಮೈ ಮರೆಯಾದರೆ ಆನೆ, ಇನ್ನೊಂದು ಮರೆಯಾದರೆ ಎತ್ತು. ಅಲ್ಲೂ ಅವಳು ‘ನಾಯಿ’ ಅಂದರೆ ನಕ್ಕುಬಿಡಿ.