ಇನ್ನೂರಕ್ಕೆ ನೂರು ಕೂಡಿಸಿದರೆ ನಲವತ್ತನಾಲ್ಕು!

ನಾನು ಕಾಮರ್ಸ್ ವಿದ್ಯಾರ್ಥಿನಿ. ಡಿಪ್ಲೊಮಾ ಓದುವ ನಮ್ಮ ಭಾಯ್‌ಗೆ 8085 ಮೈಕ್ರೊಪ್ರೊಸೆಸರ್ ಕಿಟ್ ಬೇಕಿತ್ತು. ಉಡುತಡಿಯಲ್ಲಿ ಅಬ್ಬಾ ನಡೆಸುವ ಅಂಗಡಿಯ ಲೆಕ್ಕ ಬರೆಯುವವಳು ನಾನೇ. ಕೇಳುವ ಹಾಗಿರಲಿಲ್ಲ.

ಭಾಯ್ ಹಳೆಯ ಲ್ಯಾಪ್‌ಟಾಪಿಗೆ ‘ಗ್ನೂಸಿಮ್8085’ ಹಾಕಿಕೊಂಡರು. ಇದು ಉಚಿತ, ಮುಕ್ತ ತಂತ್ರಾಂಶ. 1976ರಲ್ಲಿ ಇಂಟೆಲ್ ತಂದ 8085 ಚಿಪ್ ಒಳಗೆ ಏನು ನಡೆಯುತ್ತದೆ ಎಂದು ಪರದೆಯ ಮೇಲೇ ತೋರಿಸುತ್ತದೆ.

ನಾನೂ ಒಂದು ಲೆಕ್ಕ ಬರೆದೆ:

ಎಂವಿಐ ಎ, 200
ಎಂವಿಐ ಬಿ, 100
ಎಡಿಡಿ ಬಿ
ಎಚ್‌ಎಲ್‌ಟಿ

ಅಂದರೆ ಎ ಯಲ್ಲಿ 200 ಇಡು, ಬಿ ಯಲ್ಲಿ 100 ಇಡು, ಕೂಡಿಸು, ನಿಲ್ಲು. ಎ ಯಲ್ಲಿ ಬಂದದ್ದು 2ಸಿ! ಅದು ಹದಿನಾರರ ಎಣಿಕೆ; ನಮ್ಮ ಲೆಕ್ಕದಲ್ಲಿ 44. ಅಬ್ಬಾನ ಖಾತೆಯಲ್ಲಿ ಹೀಗಾದರೆ ಗತಿಯೇನು?

ಭಾಯ್ ನಗುತ್ತಾ ಕ್ಯಾರಿ ಫ್ಲ್ಯಾಗ್ ತೋರಿಸಿದರು. ಅಲ್ಲಿ 1 ಇತ್ತು. ಎ ರಿಜಿಸ್ಟರ್ 8 ಬಿಟ್‌ನದು, 255ರವರೆಗೆ ಮಾತ್ರ ಹಿಡಿಯುತ್ತದೆ. ಉಳಿದ 256 ಆ ಒಂದರಲ್ಲಿದೆ: 256 + 44 = 300. ನಾವು ಕೂಡುವಾಗ ‘ಕೈಯಲ್ಲಿ ಒಂದು’ ಅನ್ನುತ್ತೇವಲ್ಲ, ಅದೇ ಇದು.

ನಿಜವಾದ ಎಲ್‌ಇಡಿ ಮಿನುಗಿಸಲು ಬೋರ್ಡ್ ಬೇಕೇ ಬೇಕು. ಆದರೆ ಇಲ್ಲಿ ಎಷ್ಟು ತಪ್ಪಿದರೂ ಏನೂ ಸುಡುವುದಿಲ್ಲ. 16 ಬಿಟ್ ಕೂಡಿಸಲು ‘ಡಿಎಡಿ’ ಎಂಬ ಸೂಚನೆ ಇದೆ. ಭಾನುವಾರ ಅಂಗಡಿಯ ಒಂದು ದಿನದ ವ್ಯಾಪಾರವನ್ನು ಅದರಲ್ಲಿ ಕೂಡಿಸಿ ನೋಡುತ್ತೇನೆ. 65,535 ರೂಪಾಯಿ ದಾಟುವ ಭಯವಂತೂ ಇಲ್ಲ.