ಹಳೆಯ ದೊಡ್ಡ ಹೋಟೆಲಿನಲ್ಲಿ ತಂಗುವುದು: ಬಿಡದಿಯ ಒಂದು ಕುಟುಂಬದ ಅನುಭವ

ಬೆಂಗಳೂರು–ಮೈಸೂರು ರಸ್ತೆಯ ಎರಡು ತುದಿಗಳಲ್ಲೂ ಹಳೆಯ ದೊಡ್ಡ ಹೋಟೆಲುಗಳಿವೆ. ಬೆಂಗಳೂರಿನ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ 1887ರಲ್ಲಿ ಬ್ರಾನ್ಸನ್ ಎಂಬ ಬ್ರಿಟಿಷ್ ಮಹಿಳೆ ಹತ್ತು ಕೋಣೆಗಳಲ್ಲಿ ತೆರೆದ ವಸತಿಗೃಹವಾಗಿ ಶುರುವಾಯಿತು. ಮುಂದೆ ಸ್ಪೆನ್ಸರ್ ಕಂಪನಿಯ ಕೈಗೆ ಬಂದು, ಆಮೇಲೆ ತಾಜ್ ಸಮೂಹಕ್ಕೆ ಸೇರಿ, ಈಗಲೂ ಸುಮಾರು ಇಪ್ಪತ್ತು ಎಕರೆ ಮರಗಿಡಗಳ ನಡುವೆ ನಡೆಯುತ್ತಿದೆ. ಕುಮಾರಕೃಪಾ ರಸ್ತೆಯ ಅಶೋಕ 1970ರ ದಶಕದ ಆರಂಭದಲ್ಲಿ ಕೇಂದ್ರ ಸರ್ಕಾರದ ಪ್ರವಾಸೋದ್ಯಮ ನಿಗಮ ನಡೆಸಲು ತೊಡಗಿದ ಹೋಟೆಲು. ಗಾಲ್ಫ್ ಮೈದಾನದ ಬಳಿಯ ವಿಂಡ್ಸರ್ ಮ್ಯಾನರ್ 1982ರದು. ಮೈಸೂರಿನ ಮೆಟ್ರೋಪೋಲ್ ಅನ್ನು 1920ರಲ್ಲಿ ಮಹಾರಾಜರು ತಮ್ಮ ಬ್ರಿಟಿಷ್ ಅತಿಥಿಗಳಿಗೆಂದು ಕಟ್ಟಿಸಿದರು. ಚಾಮುಂಡಿ ಬೆಟ್ಟದ ತಪ್ಪಲಿನ ಲಲಿತಮಹಲಿನ ಕೆಲಸ 1921ರಲ್ಲಿ ವೈಸ್‌ರಾಯ್ ತಂಗಲೆಂದು ಆರಂಭವಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದ ಈ ಅರಮನೆಯ ನಕ್ಷೆ ಇ. ಡಬ್ಲ್ಯೂ. ಫ್ರಿಚ್ಲೆಯವರದು, ಅದು ಹೋಟೆಲಾದದ್ದು 1974ರಲ್ಲಿ.

ಬಿಡದಿ ಈ ಎರಡು ತುದಿಗಳ ನಡುವಿನ ಊರು. ಬೆಂಗಳೂರು ಇಲ್ಲಿಂದ ಸುಮಾರು 30 ಕಿಲೋಮೀಟರು. ಇಷ್ಟು ಹತ್ತಿರದವರು ಅಲ್ಲಿ ರಾತ್ರಿ ತಂಗಲು ಕಾರಣಗಳು ಕೆಲವೇ. ಅರಮನೆ ಮೈದಾನದಲ್ಲಿ ತಡರಾತ್ರಿಯವರೆಗೆ ನಡೆಯುವ ಆರತಕ್ಷತೆ, ಬೆಳಗಿನ ಜಾವದ ವಿಮಾನ, ಆಸ್ಪತ್ರೆಯಲ್ಲಿರುವವರನ್ನು ನೋಡಿಕೊಳ್ಳುವ ಕೆಲಸ, ಅಪ್ಪ ಅಮ್ಮನ ಮದುವೆಯ ಐವತ್ತನೆಯ ವರ್ಷ. 1999ರ ಕೊನೆಗೆ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ವಾಹನ ತಯಾರಿಕೆ ಆರಂಭವಾದ ಮೇಲೆ ಇನ್ನೊಂದು ಕಾರಣ ಸೇರಿತು: ಹೊರದೇಶದಿಂದ ಬಂದವರನ್ನು ನಗರದ ಹೋಟೆಲಿಗೆ ತಲುಪಿಸಿ, ಅವರ ಜೊತೆ ಊಟ ಮಾಡಿ ಬರುವುದು. ಅಂಥ ಅತಿಥಿಯ ವಿವರವನ್ನು ಹೋಟೆಲಿನವರು 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ ಸಲ್ಲಿಸಬೇಕು. ಆದ್ದರಿಂದ ಪಾಸ್‌ಪೋರ್ಟ್ ಕೇಳಿ ಪ್ರತಿ ತೆಗೆದುಕೊಂಡರೆ ಅನುಮಾನ ಪಡಬೇಕಾದ್ದಿಲ್ಲ. ಈ ಲೇಖಕನ ಕುಟುಂಬ ಮೇಲಿನ ಎಲ್ಲ ಕಾರಣಗಳಿಗೂ ಒಂದಲ್ಲ ಒಂದು ಸಲ ಇಂಥ ಹೋಟೆಲುಗಳಲ್ಲಿ ಉಳಿದಿದೆ. ಮುಂದಿನ ಮಾತುಗಳು ಆ ರಾತ್ರಿಗಳಿಂದ ಬಂದವು.

ಹೋಟೆಲಿನ ವಯಸ್ಸು ಅದರ ಮುಖದಲ್ಲಿ ಕಾಣುವುದೇ ಬೇರೆ, ಗೋಡೆಯೊಳಗೆ ಇರುವುದೇ ಬೇರೆ. ವಿಂಡ್ಸರ್ ಮ್ಯಾನರ್ ನೋಡಲು ಇಂಗ್ಲೆಂಡಿನ ಹಳೆಯ ಬಂಗಲೆಯಂತಿದ್ದರೂ ಕಾಂಕ್ರೀಟಿನ ಕಾಲದ ಕಟ್ಟಡ. ಕೇಂದ್ರ ಪ್ರವಾಸೋದ್ಯಮ ಸಚಿವಾಲಯ ಪಾರಂಪರಿಕ ಹೋಟೆಲು ಎಂಬ ವರ್ಗಕ್ಕೆ 1950ಕ್ಕಿಂತ ಹಿಂದೆ ಕಟ್ಟಿದ ಅರಮನೆ, ಕೋಟೆ, ಮನೆಗಳನ್ನಷ್ಟೇ ಪರಿಗಣಿಸುತ್ತದೆ. ನಕ್ಷತ್ರಗಳ ಲೆಕ್ಕ ಬೇರೆ. ಹೊಸ ಹೋಟೆಲಿನಲ್ಲಿ 312ನೆಯ ಕೋಣೆಗೂ 512ನೆಯ ಕೋಣೆಗೂ ಹೆಚ್ಚು ವ್ಯತ್ಯಾಸ ಇರುವುದಿಲ್ಲ. ಹಳೆಯದರಲ್ಲಿ ಒಂದು ಕೋಣೆ ಮೂಲ ಬಂಗಲೆಯ ಭಾಗ, ಪಕ್ಕದ್ದು ಮೂವತ್ತು ವರ್ಷದ ನಂತರ ಸೇರಿಸಿದ್ದು, ಆಚೆಯದು ಮೊನ್ನೆ ಮೊನ್ನೆ ದುರಸ್ತಿಯಾದದ್ದು. ವಿಂಡ್ಸರಿನಲ್ಲೇ ಮ್ಯಾನರ್ ಮತ್ತು ಟವರ್ಸ್ ಎಂದು ಎರಡು ಭಾಗಗಳಿವೆ. ಹೀಗಾಗಿ ಹಳೆಯ ಹೋಟೆಲಿನಲ್ಲಿ ಮುಖ್ಯವಾಗಿ ಆರಿಸಬೇಕಾದದ್ದು ಕೋಣೆಯನ್ನು. ಇದನ್ನು ತಿಳಿಯಲು ಈ ಕುಟುಂಬ ಮೂರು ಸಲ ಹಣ ತೆರಬೇಕಾಯಿತು.

ಮೊದಲ ಸಲ ಒಂದು ಹೋಟೆಲಿನಲ್ಲಿ ಕಡಿಮೆ ದರ ಕಂಡು ಮೊಬೈಲಿನಲ್ಲೇ ಕಾಯ್ದಿರಿಸಿದ್ದಾಯಿತು. ಸಿಕ್ಕಿದ ಕೋಣೆಯ ಕಿಟಕಿ ತೆರೆದರೆ ಅಡುಗೆಮನೆಯ ಹೊಗೆ ಕೊಳವೆ. ರಾತ್ರಿ ಹನ್ನೊಂದೂವರೆಯವರೆಗೆ ಒಗ್ಗರಣೆಯ ಘಾಟು, ಬೆಳಗಿನ ನಾಲ್ಕೂವರೆಗೆ ಪಾತ್ರೆಗಳ ಸದ್ದು. ಎರಡನೆಯ ಸಲ ಕೋಣೆ ಆರತಕ್ಷತೆಯ ಹಾಲಿನ ಮೇಲಿತ್ತು. ಡ್ರಮ್ಮಿನ ಏಟು ಮಂಚದ ಕಾಲಿಗೆ ಬಡಿದಂತೆ ಕೇಳುತ್ತಿತ್ತು. ಮೂರನೆಯ ಸಲ ಮಳೆಗಾಲ, ನೆಲಮಹಡಿ. ಗೋಡೆಯ ಬುಡದಲ್ಲಿ ಬಣ್ಣ ಉಬ್ಬಿತ್ತು, ಹಾಸುಗಂಬಳಿ ತೇವದ ವಾಸನೆ ಹೊಡೆಯುತ್ತಿತ್ತು. ಸುಣ್ಣದ ಗಾರೆಯ ಗೋಡೆ ನೆಲದ ತೇವವನ್ನು ಮೇಲಕ್ಕೆ ಹೀರಿ, ಹೊರಗಿನ ಗಾಳಿಗೆ ಬಿಟ್ಟುಕೊಡುತ್ತದೆ. ಅದರ ಮೇಲೆ ಪ್ಲಾಸ್ಟಿಕ್ ಬಣ್ಣ ಬಳಿದರೆ ತೇವ ಒಳಗೇ ಸಿಕ್ಕಿಕೊಂಡು ಬಣ್ಣವನ್ನು ಸಿಪ್ಪೆಯಂತೆ ಎಬ್ಬಿಸುತ್ತದೆ. ಮಾಗಡಿ, ಕನಕಪುರದ ಹಳೆಯ ತೊಟ್ಟಿಮನೆಗಳಲ್ಲಿ ಇದನ್ನು ಕಂಡವರಿಗೆ ಹೋಟೆಲಿನ ಗೋಡೆ ನೋಡಿದ ಕೂಡಲೇ ಅರ್ಥವಾಗುತ್ತದೆ.

ಆಮೇಲೆ ರೂಢಿಯಾದದ್ದು ಹೀಗೆ: ಕಾಯ್ದಿರಿಸುವುದು ಎಲ್ಲಾದರೂ ಆಗಲಿ, ಹೋಗುವ ಹಿಂದಿನ ದಿನ ಹೋಟೆಲಿಗೇ ಫೋನು ಮಾಡಿ ಮುಂಗಟ್ಟೆಯವರ ಜೊತೆ ಮಾತಾಡುವುದು. ಬೆಳಗ್ಗೆ ಹನ್ನೊಂದರಿಂದ ಹನ್ನೆರಡರ ನಡುವೆ ಅವರಿಗೆ ಖಾಲಿ ಮಾಡುವವರ ಗಲಾಟೆ. ಮಧ್ಯಾಹ್ನ ಮೂರೂವರೆಯ ಮೇಲೆ ಮಾಡಿದರೆ ಸಮಾಧಾನವಾಗಿ ಕೇಳಿಸಿಕೊಳ್ಳುತ್ತಾರೆ. ಆ ವಾರ ಮದುವೆಯ ಹಾಲು ಬುಕ್ ಆಗಿದೆಯೇ, ಯಾವ ಭಾಗದಲ್ಲಿ ದುರಸ್ತಿ ನಡೆಯುತ್ತಿದೆ, ಮೊದಲನೆಯ ಮಹಡಿಯಲ್ಲಿ ತೋಟದ ಕಡೆಗೆ ಮುಖವಿರುವ ಕೋಣೆ ಸಿಗಬಹುದೇ ಎಂದು ಕೇಳಿದರೆ ಸಾಕು. ಹಳೆಯ ಹೋಟೆಲಿನವರಿಗೆ ತಮ್ಮ ಕೋಣೆಗಳ ಗುಣದೋಷ ಮನೆಮಂದಿಯ ಸ್ವಭಾವದಷ್ಟೇ ಚೆನ್ನಾಗಿ ಗೊತ್ತು. ಕೇಳಿದವರಿಗೆ ಒಳ್ಳೆಯದನ್ನು ಕೊಡುತ್ತಾರೆ, ಕೇಳದವರಿಗೆ ಉಳಿದದ್ದು ಹೋಗುತ್ತದೆ. ಬಂದ ಮೇಲೂ ಪೆಟ್ಟಿಗೆ ಬಿಚ್ಚುವ ಮೊದಲೇ ಕಿಟಕಿ, ನಲ್ಲಿ, ಫ್ಲಶ್ಶು, ಚಿಲಕ ನೋಡಿ, ಬೇಡವೆನಿಸಿದರೆ ಆಗಲೇ ಹೇಳಬೇಕು. ಹಾಸಿಗೆ ಮುಟ್ಟದ ಕೋಣೆಯನ್ನು ಬದಲಿಸಿ ಕೊಡಲು ಅವರಿಗೂ ಸುಲಭ.

ಬಿಸಿನೀರು ಹೆಚ್ಚು ದೂರು ಬರುವ ವಿಷಯ. ಹೊಸ ಕಟ್ಟಡಗಳಲ್ಲಿ ಬಿಸಿನೀರು ಕೊಳವೆಯಲ್ಲಿ ಸದಾ ಸುತ್ತುತ್ತಿರುತ್ತದೆ. ಆ ಏರ್ಪಾಡಿಲ್ಲದ ಹಳೆಯ ಭಾಗಗಳಲ್ಲಿ ಬಾಯ್ಲರಿನಿಂದ ದೂರದ ಕೋಣೆಗೆ ಬರುವ ಕೊಳವೆಯಲ್ಲಿ ರಾತ್ರಿಯೆಲ್ಲ ನಿಂತ ತಣ್ಣೀರು ಮೊದಲು ಖಾಲಿಯಾಗಬೇಕು. ಕಬ್ಬಿಣದ ಕೊಳವೆಯ ಒಳಗೋಡೆಗೆ ತುಕ್ಕೂ ಸುಣ್ಣವೂ ಕಟ್ಟಿದ್ದರೆ ನೀರಿನ ರಭಸವೂ ಕಡಿಮೆ. ಏಳರಿಂದ ಎಂಟೂವರೆಯವರೆಗೆ ಎಲ್ಲ ಕೋಣೆಗಳಲ್ಲೂ ಸ್ನಾನ ನಡೆಯುವುದರಿಂದ ಆಗ ಸಣ್ಣ ಧಾರೆಯಷ್ಟೇ ಸಿಕ್ಕೀತು. ಹಳ್ಳಿಯ ಕಡೆಯವರಿಗೆ ಬೆಳಗಿನ ಐದೂವರೆಗೆ ಎದ್ದು ಸ್ನಾನ ಮುಗಿಸುವ ಅಭ್ಯಾಸ ಇದ್ದೇ ಇರುತ್ತದೆ. ಇಲ್ಲಿ ಆ ಅಭ್ಯಾಸ ಬಹಳ ಅನುಕೂಲ.

ಎತ್ತರದ ಚಾವಣಿ ಹಳೆಯ ಕೋಣೆಯ ದೊಡ್ಡ ಸುಖ. ತೇಗದ ತೊಲೆಗಳ ಮೇಲೆ ಇಟ್ಟಿಗೆಯನ್ನು ಓರೆಯಾಗಿ ನಿಲ್ಲಿಸಿ, ಸುಣ್ಣದ ಗಾರೆ ಹಾಕಿ ಬಿಗಿಮಾಡಿದ ಮದರಾಸು ತಾರಸಿಯಿದ್ದರೆ ಬೇಸಿಗೆಯ ಮಧ್ಯಾಹ್ನವೂ ಕೋಣೆ ತಣ್ಣಗಿರುತ್ತದೆ, ಬಿಸಿಗಾಳಿ ಮೇಲಕ್ಕೆ ಏರಿ ನಿಲ್ಲುತ್ತದೆ. ಆದರೆ ಅಷ್ಟು ದೊಡ್ಡ ಕೋಣೆಯನ್ನು ತಂಪುಮಾಡಲು ಏಸಿಗೆ ಹೊತ್ತು ಬೇಕು. ಫ್ಯಾನು ಹಾಕಿ, ಏಸಿಯನ್ನು ಇಪ್ಪತ್ತೈದು ಡಿಗ್ರಿಯ ಸುತ್ತ ಇಟ್ಟರೆ ಸಾಕಾಗುತ್ತದೆ. ಹದಿನೆಂಟಕ್ಕೆ ಇಳಿಸಿದರೆ ಯಂತ್ರ ರಾತ್ರಿಯಿಡೀ ಮೊರೆಯುತ್ತದೆ. ದಪ್ಪ ಗೋಡೆಗಳು ಮೊಬೈಲಿನ ಸಿಗ್ನಲನ್ನೂ ವೈಫೈಯನ್ನೂ ತಡೆಯುತ್ತವೆ. ಕೆಲಸವಿದ್ದವರು ಕಿಟಕಿಯ ಬಳಿ ಅಥವಾ ಜಗಲಿಯಲ್ಲಿ ಕೂರಬೇಕು. ಹಾಸಿಗೆಯ ಪಕ್ಕ ಪ್ಲಗ್ಗು ಕಡಿಮೆ. ಉದ್ದ ತಂತಿಯ ಚಾರ್ಜರ್ ಚೀಲದಲ್ಲಿರಲಿ. ಮರಗಳ ನಡುವಿನ ಹೋಟೆಲಾದರೆ ಸಂಜೆ ಆರರ ಮೊದಲೇ ಕಿಟಕಿ ಮುಚ್ಚಬೇಕು, ಇಲ್ಲದಿದ್ದರೆ ಸೊಳ್ಳೆಯ ಕಾಟ.

ವಯಸ್ಸಾದವರನ್ನು ಕರೆದುಕೊಂಡು ಹೋಗುವವರು ಕೋಣೆಗಿಂತ ಮೊದಲು ಸ್ನಾನದ ಮನೆಯನ್ನು ಕೇಳಬೇಕು. ಹಳೆಯ ಹೋಟೆಲುಗಳ ಎಷ್ಟೋ ಸ್ನಾನದ ಮನೆಗಳಲ್ಲಿ ಷವರ್ ಇರುವುದು ಬಾತ್‌ಟಬ್ಬಿನ ಒಳಗೆ. ಅದರ ಅಂಚು ಮೊಣಕಾಲೆತ್ತರ, ತಳ ನುಣುಪು, ಹಿಡಿಯಲು ಸರಳು ಇರುವುದಿಲ್ಲ. ಲೇಖಕನ ತಾಯಿ ಎಪ್ಪತ್ತನಾಲ್ಕನೆಯ ವಯಸ್ಸಿನಲ್ಲಿ ಅಂಥದೊಂದರ ಮುಂದೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಹಳ ಹೊತ್ತು ನಿಂತಿದ್ದರು. ಕೋಣೆ ಚೊಕ್ಕ ಮಾಡಲು ಬಂದ ಹಿರಿಯ ನೌಕರ ಒಂದೇ ನೋಟಕ್ಕೆ ವಿಷಯ ಹಿಡಿದ. ‘ನೀವು ಹತ್ತಬೇಡಿ ಅಮ್ಮ, ಬಕೆಟ್ಟೂ ಚೊಂಬೂ ತಂದುಕೊಡ್ತೀನಿ, ಕೂತ್ಕೊಂಡೇ ಸ್ನಾನ ಮಾಡಿ’ ಎಂದು ಹೋಗಿ, ಹತ್ತು ನಿಮಿಷದಲ್ಲಿ ಬಕೆಟ್ಟು, ಸ್ಟೀಲಿನ ಚೊಂಬು, ಕುಳ್ಳಗಿನ ಪ್ಲಾಸ್ಟಿಕ್ ಸ್ಟೂಲು, ಕಾಲ ಕೆಳಗೆ ಹಾಸಲು ಒಂದು ರಬ್ಬರ್ ಹಾಳೆ ತಂದಿಟ್ಟ. ಕೇಳದೆಯೇ ಬಂದ ಆ ಸ್ಟೂಲನ್ನು ತಾಯಿ ಇಂದಿಗೂ ನೆನೆಯುತ್ತಾರೆ. ಊಟದ ಹಾಲಿನ ದೀಪಗುಚ್ಛವಾಗಲಿ ಅಮೃತಶಿಲೆಯ ನೆಲವಾಗಲಿ ಅವರ ನೆನಪಿನಲ್ಲಿ ಉಳಿದಿಲ್ಲ.

ಹಳೆಯ ಹೋಟೆಲಿನ ನಿಜವಾದ ಆಸ್ತಿ ಇಂಥ ನೌಕರರು. ಇಪ್ಪತ್ತು, ಮೂವತ್ತು ವರ್ಷ ಒಂದೇ ಕಡೆ ದುಡಿದವರು ಅಲ್ಲಿ ಸಿಗುತ್ತಾರೆ. ರಾಮನಗರ, ಮಂಡ್ಯದ ಕಡೆಯಿಂದ ಬಂದವರೂ ಇರುತ್ತಾರೆ. ‘ಯಾವೂರಣ್ಣ?’ ಎಂದು ಕನ್ನಡದಲ್ಲಿ ಕೇಳಿದೊಡನೆ ಅವರ ಮುಖ ಅರಳುತ್ತದೆ. ದೊಡ್ಡ ಹೋಟೆಲು ಎಂದು ಹಿಂಜರಿದು ಹರುಕುಮುರುಕು ಇಂಗ್ಲಿಷಿನಲ್ಲೇ ಮಾತಾಡುವ ಅತಿಥಿಗಳು ಈ ನಂಟನ್ನು ಕಳೆದುಕೊಳ್ಳುತ್ತಾರೆ. ಯಾವ ಮೆಟ್ಟಿಲು ಜಾರುತ್ತದೆ, ಯಾವ ಲಿಫ್ಟು ನಿಧಾನ, ಮಗುವಿಗೆ ರಾತ್ರಿ ಹಾಲು ಎಲ್ಲಿ ಸಿಗುತ್ತದೆ ಎಂಬುದೆಲ್ಲ ಅವರ ಬಾಯಲ್ಲಿದೆ. ಲಲಿತಮಹಲಿನ ಹಳೆಯ ಕಾಲದ ಲಿಫ್ಟು ನೋಡಲೇಬೇಕಾದ ವಸ್ತುಗಳಲ್ಲೊಂದು; ಅದರ ಜಾಲರಿ ಬಾಗಿಲ ಪಕ್ಕದಲ್ಲಿ ನಿಂತು ಅಲ್ಲಿನವರ ಜೊತೆ ಎರಡು ಮಾತಾಡದೆ ಬಂದರೆ ಆ ಕಟ್ಟಡವನ್ನು ಅರ್ಧವೇ ನೋಡಿದಂತೆ. ಬಕ್ಷೀಸನ್ನು ಕೊನೆಯ ದಿನ ಮುಂಗಟ್ಟೆಯಲ್ಲಿ ಒಟ್ಟಾಗಿ ಕೊಡುವುದಕ್ಕಿಂತ ಕೆಲಸ ಮಾಡಿದವರ ಕೈಗೇ ಕೊಡುವುದು ಮೇಲು. ಜೊತೆಗೆ, ಹೋಟೆಲಿನ ಅಭಿಪ್ರಾಯ ಚೀಟಿಯಲ್ಲಿ ಅವರ ಹೆಸರನ್ನು ಬರೆಯಬೇಕು. ಆ ಹೆಸರು ಮೇಲಿನವರ ಕಣ್ಣಿಗೆ ಬೀಳುತ್ತದೆ.

ಊಟದ ವಿಷಯದಲ್ಲಿ ಬಿಡದಿಯವರ ನಾಲಗೆಗೆ ಒಂದು ಅಳತೆ ಮೊದಲೇ ಇದೆ: ಹಬೆಯಾಡುವ ತಟ್ಟೆ ಇಡ್ಲಿ, ಮೇಲೆ ಬೆಣ್ಣೆ, ಪಕ್ಕದಲ್ಲಿ ಚಟ್ನಿ. ದೊಡ್ಡ ಹೋಟೆಲಿನ ಬೆಳಗಿನ ಬಫೆಯಲ್ಲಿ ಮುಚ್ಚಳದ ಕೆಳಗೆ ಅರ್ಧ ಗಂಟೆ ಕಾದ ಇಡ್ಲಿಯನ್ನು ಅದರೊಂದಿಗೆ ಹೋಲಿಸುವುದು ನ್ಯಾಯವಲ್ಲ. ಅಲ್ಲಿ ಕಣ್ಣೆದುರೇ ಹುಯ್ದುಕೊಡುವ ದೋಸೆ, ಮೊಟ್ಟೆಯ ತಿನಿಸುಗಳು, ಹೋಟೆಲಿನಲ್ಲೇ ಸುಟ್ಟ ಬ್ರೆಡ್ಡು, ಹಣ್ಣು ಒಳ್ಳೆಯ ಆಯ್ಕೆ. ಹತ್ತು ಗಂಟೆಗೆ ಬಾಗಿಲು ಹಾಕುವ ಮುನ್ನಿನ ನೂಕುನುಗ್ಗಲಿಗಿಂತ ಎಂಟಕ್ಕೇ ಹೋದರೆ ಎಲ್ಲವೂ ಬಿಸಿ. ಲಲಿತಮಹಲಿನಲ್ಲಿ ಊಟದ ಮನೆ ಹಿಂದೆ ನೃತ್ಯದ ಹಾಲಾಗಿದ್ದದ್ದು. ಬಣ್ಣದ ಗಾಜಿನ ಗುಮ್ಮಟಗಳಿಂದ ಇಳಿಯುವ ಬೆಳಕನ್ನು ನೋಡಬೇಕಾದರೆ ಹಗಲೂಟಕ್ಕೇ ಕೂರಬೇಕು.

ಬಿಲ್ಲಿನಲ್ಲಿ ಅರಿತಿರಬೇಕಾದದ್ದು ಹೆಚ್ಚಿಲ್ಲ. ಕೋಣೆಯ ಒಂದು ದಿನದ ಬಾಡಿಗೆ 7,500 ರೂಪಾಯಿ ಮೀರಿದರೆ ಶೇಕಡಾ 18ರಷ್ಟು ಜಿಎಸ್‌ಟಿ. ಎಂಟು ಸಾವಿರ ಎಂದು ಕಂಡ ದರ ಹಣ ಕಟ್ಟುವ ಹೊತ್ತಿಗೆ 9,440 ಆಗುತ್ತದೆ. ಅಂಥ ಹೋಟೆಲಿನೊಳಗಿನ ಊಟಕ್ಕೂ ಸಾಮಾನ್ಯವಾಗಿ ಅದೇ ಶೇಕಡಾ 18. ಹೊರಗಿನ ಸಾಧಾರಣ ಹೋಟೆಲಿನ ಶೇಕಡಾ 5 ಅಲ್ಲ. ಸೇವಾ ಶುಲ್ಕದ ಮಾತೇ ಬೇರೆ. ಅದನ್ನು ತಾನಾಗಿ ಬಿಲ್ಲಿಗೆ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತು, ದೆಹಲಿ ಹೈಕೋರ್ಟು 2025ರ ಮಾರ್ಚಿನಲ್ಲಿ ಅದನ್ನು ಎತ್ತಿಹಿಡಿಯಿತು. ಬಿಲ್ಲಿನಲ್ಲಿ ಕಂಡರೆ ತೆಗೆಯಿರಿ ಎಂದು ಮೆಲ್ಲಗೆ ಹೇಳಿದರೆ ಸಾಕು. ಕೋಣೆಯ ಪುಟ್ಟ ಫ್ರಿಜ್ಜಿನಲ್ಲಿರುವ ಗೋಡಂಬಿ, ತಂಪು ಪಾನೀಯಗಳ ದರಪಟ್ಟಿಯನ್ನು ಮಕ್ಕಳು ಬಾಗಿಲು ತೆರೆಯುವ ಮೊದಲೇ ಓದಿಕೊಳ್ಳಬೇಕು.

ಹೊರಡುವ ಗಂಟೆ ಸಾಮಾನ್ಯವಾಗಿ ಹನ್ನೆರಡು. ಹಿಂದಿನ ರಾತ್ರಿಯೇ ಕೇಳಿದರೆ ಒಂದು ಗಂಟೆಯವರೆಗೆ ಬಿಡುವುದುಂಟು. ಮದುವೆಯ ಕಾಲದಲ್ಲಿ ಮಾತ್ರ ಆಗುವುದಿಲ್ಲ. ಹಳೆಯ ಕೋಣೆಗಳ ಬೀರು, ಡ್ರಾಯರುಗಳು ಆಳ, ಒಳಗೆ ಬೆಳಕು ಸಾಲದು. ಮೊಬೈಲಿನ ದೀಪ ಹಾಕಿ ಒಂದೊಂದನ್ನೂ ನೋಡಬೇಕು. ಲೇಖಕನ ತಾಯಿಯ ಎಲೆಯಡಿಕೆಯ ಚೀಲ ಹೀಗೇ ಒಂದು ಡ್ರಾಯರಿನ ಮೂಲೆಯಲ್ಲಿ ಉಳಿದುಹೋಗಿತ್ತು. ಅದು ನೆನಪಾದದ್ದು ಕೆಂಗೇರಿ ದಾಟಿದ ಮೇಲೆ. ಫೋನು ಮಾಡಿದಾಗ, ಬಕೆಟ್ಟು ತಂದುಕೊಟ್ಟಿದ್ದ ಅದೇ ನೌಕರ ಚೀಲವನ್ನು ಎತ್ತಿ, ಕೋಣೆಯ ನಂಬರು ಬರೆದು, ಮುಂಗಟ್ಟೆಯಲ್ಲಿ ಕೊಟ್ಟಾಗಿತ್ತು. ಮುಂದಿನ ಭಾನುವಾರ ಮಗ ಹೋಗಿ ತಂದ. ಅಡಿಕೆ, ಸುಣ್ಣದ ಡಬ್ಬಿ, ನಾಲ್ಕು ಹತ್ತರ ನೋಟು ಎಲ್ಲವೂ ಅದರಲ್ಲಿದ್ದವು.